ಬ್ಯಾಟರಿ ಡಬ್ಬದಲ್ಲಿ ಈಸಲು ಹುಳ

ಉಪ್ಪಾರಹಳ್ಳಿಯ ರೇಣುಕಾಪ್ರಸಾದ್ ಹನ್ನೊಂದು ವರ್ಷ ಕೋರ ಊರಿನಾಚೆಯ ಶೆಡ್ಡೊಂದರಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿದವನು. ಅವನು ಕೆಮ್ಮಿದರೆ ಪಕ್ಕದ ಮನೆಯ ಬಲ್ಬು ಮಿಣುಕುತ್ತಿತ್ತು, ಕೈ ತೊಳೆದ ನೀರು ಚಿಮುಕಿಸಿದರೆ ಕೆಟ್ಟ ಬೈಕೂ ಸ್ಟಾರ್ಟ್ ಆಗುತ್ತಿತ್ತು. ಆದರೆ ಮದುವೆಯಾಗಿ ಆರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ.

ತಾಯಿ ಕರಿಬಸಮ್ಮ ಸೊಸೆ ಅನುಪಮಾಳನ್ನು ನಲವತ್ತು ದೇವರ ಮುಂದೆ ನಿಲ್ಲಿಸಿದಳು. ನಲವತ್ತೊಂದನೆಯ ದೇವರ ಸರದಿ ಬಂದಾಗ ಅನುಪಮಾ ಗಂಡನನ್ನೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತದಲ್ಲಿ ಸೀಸ ಸೇರಿದೆ, ವೀರ್ಯಾಣು ಬಲು ಕಡಿಮೆ ಎಂದರು ಡಾಕ್ಟರು. ಇದ್ದವೂ ಊಟ ಮುಗಿಸಿದ ಗುಮಾಸ್ತರ ಹಾಗೆ ಕೂತಲ್ಲೇ ಕೂತಿದ್ದವು. ಶೆಡ್ಡು ಬಿಡು, ಮೂರು ತಿಂಗಳಾದ ಮೇಲೆ ನೋಡೋಣ ಎಂದು ಕಳಿಸಿದರು.

ಬಿಡುವ ಮನಸ್ಸು ಇವನಿಗಿಲ್ಲ. ಅಲ್ಲಿ ಅವನೇ ಮೇಸ್ತ್ರಿ. ನಾಲ್ಕು ಜನ ಅಣ್ಣಾ ಎನ್ನುತ್ತಿದ್ದರು. ಮನೆಯಲ್ಲಿ ಬೆಕ್ಕೂ ಅವನ ಮಾತು ಕೇಳುತ್ತಿರಲಿಲ್ಲ. ಸರಿ, ಗುಬ್ಬಿ ದಾಟಿ ಸಿ.ಎಸ್. ಪುರದ ನಾಟಿ ವೈದ್ಯ ಮೂಡಲಗಿರಿಯಪ್ಪನ ಜಗಲಿ ಹತ್ತಿದ. ಮುದುಕ ನಾಡಿ ಹಿಡಿದು, ಮಳೆ ಬಿದ್ದ ಮಾರನೆಯ ದಿನ ಹುತ್ತದಿಂದೇಳುವ ಈಸಲು ಹುಳ ಹಿಡಿದು, ರೆಕ್ಕೆ ಕೇರಿ, ಹುರಿದು, ಬೆಲ್ಲದ ಜೊತೆ ನಲವತ್ತೆಂಟು ದಿನ ತಿನ್ನಲು ಹೇಳಿದ. ತನ್ನ ತಾತ ಒಂದು ಬೊಗಸೆ ತಿಂದು ಎಂಬತ್ತರಲ್ಲಿ ಅವಳಿ ಹುಟ್ಟಿಸಿದನಂತೆ. ಕೆಳಗೆ ಉದುರಿದ್ದನ್ನು ಹೆಕ್ಕಿದ ಹುಂಜ ಊರಾಚೆಯ ನವಿಲುಗಳನ್ನೂ ಬಿಡಲಿಲ್ಲವಂತೆ. ಕಟ್ಟುಪಾಡು ಒಂದೇ: ಹುಳಕ್ಕೆ ಲೋಹ ಸೋಕಕೂಡದು.

ಫಜೀತಿಯಾದದ್ದು ಕರಿಬಸಮ್ಮನಿಗೆ. ಮೊಟ್ಟೆ ಹಾಕಿದ ಕೇಕು ಹೊಸಿಲು ದಾಟಿದ್ದಕ್ಕೇ ಮನೆಯನ್ನು ಮೂರು ಸಲ ತೊಳೆಸಿದ್ದ ಶಿವಭಕ್ತೆ ಆಕೆ. ಪೂಜೆ ಮುಗಿಸಿ, ಮಗ ಹಿಡಿದು ತಂದ ಹುಳಗಳ ಮೇಲೆ ಚಿಟಿಕೆ ವಿಭೂತಿ ಉದುರಿಸಿದಳು.

"ಹುತ್ತದಲ್ಲಿದ್ದಿದ್ದು ತಾನೆ, ಶಿವನ ಮನೇದೇ. ಮಾಂಸ ಅಲ್ಲ ಕಣೋ, ಔಷ್ದಿ," ಎಂದು ತೀರ್ಪು ಕೊಟ್ಟು ಮಣ್ಣಿನ ಹೆಂಚಿನಲ್ಲಿ ತಾನೇ ಹುರಿದಳು.

ಲೋಹ ಸೋಕಬಾರದಲ್ಲ, ರೇಣುಕ ಸ್ಟೀಲ್ ಡಬ್ಬಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಶೆಡ್ಡಿನಿಂದ ಗಟ್ಟಿ ಪ್ಲಾಸ್ಟಿಕ್ ಡಬ್ಬ ತಂದ. ಲಾರಿ ಬ್ಯಾಟರಿಯದು. ಮೇಲ್ಭಾಗ ಕೊಯ್ದು ಏಳು ನೀರಲ್ಲಿ ತೊಳೆದರೆ ಒಳಗೆ ಅಚ್ಚುಕಟ್ಟಾದ ಆರು ಖಾನೆ. ಎಂಟು ದಿನಕ್ಕೊಂದು ಖಾನೆ ಖಾಲಿಯಾದರೆ ನಲವತ್ತೆಂಟು ದಿನ. ತನ್ನ ಬುದ್ಧಿಗೆ ತಾನೇ ಬೆರಗಾದ. ಹುಳ ಒಳಗಿನ ಸೀಸವನ್ನೆಲ್ಲ ಮೇಯ್ದುಬಿಡುತ್ತದೆಂದು ನಂಬಿ ಶೆಡ್ಡಿಗೂ ಹೋಗುತ್ತಲೇ ಇದ್ದ.

ಮೂರು ತಿಂಗಳ ಮೇಲೆ ನೋಡಿದರೆ ಸೀಸ ಒಂದೂವರೆ ಪಟ್ಟಾಗಿತ್ತು. ಏನು ತಿಂದೆ ಎಂದು ಡಾಕ್ಟರು ಕೇಳಿದಾಗ ಅವನು ಸೂರು ನೋಡಿದ. ಅನುಪಮಾ ಚೀಲದಿಂದ ಡಬ್ಬ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಡಬ್ಬ ನೋಡಿದರು, ಅವನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ನಲವತ್ತು ದೇವ್ರಿಗೆ ನಾನು ಕೈ ಮುಗ್ದಿದೀನಿ ಕಣ್ರೀ," ಎಂದಳು ಅನುಪಮಾ. "ನೀವು ಒಂದು ಶೆಡ್ಡಿಗೆ ಕೈ ಮುಗ್ದು ಬನ್ನಿ. ಇಲ್ಲಾಂದ್ರೆ ನಾನು ನಿಮಗೇ ಕೈ ಮುಗ್ದು ಹೊರಡ್ತೀನಿ."

ಮರುದಿನವೇ ರೇಣುಕ ಶೆಡ್ಡು ಬಿಟ್ಟ. ಕುಣಿಗಲ್ ರಸ್ತೆಯ ನರ್ಸರಿಯಲ್ಲಿ ತೆಂಗಿನ ಸಸಿ ಹೊರುವ ಕೆಲಸ; ಅಣ್ಣಾ ಎನ್ನುವವರು ಯಾರೂ ಇಲ್ಲ, ಏನ್ಲಾ ಎನ್ನುವವರೇ ಎಲ್ಲ. ಆರು ತಿಂಗಳಲ್ಲಿ ಸೀಸ ಅರ್ಧಕ್ಕಿಳಿಯಿತು. ಗುಮಾಸ್ತರು ಕುರ್ಚಿ ಬಿಟ್ಟು ಎದ್ದಿದ್ದರು. ಒಂದಿಬ್ಬರು ಫೈಲು ಹಿಡಿದು ಓಡಾಡುತ್ತಲೂ ಇದ್ದರು. ಭರವಸೆ ಇದೆ ಎಂದರು ಡಾಕ್ಟರು.

ಹುಳದ ಮಹಿಮೆ ನಿಧಾನಕ್ಕೆ ಹತ್ತಿತೆಂದು ಕರಿಬಸಮ್ಮ ಬೀದಿಗೆಲ್ಲ ಸಾರಿದಳು. ಆದರೆ ಮುಂದಿನ ಮಳೆಗೆ ಈಸಲು ಎದ್ದಾಗ ಮಗ ಅವ್ವನ ಕೈಯಿಂದ ಹೆಂಚು ಇಸಿದುಕೊಂಡು ಅಟ್ಟಕ್ಕೇರಿಸಿ, ಸ್ಟೀಲ್ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿದ.