ಶನಿವಾರದ ಟ್ರೈನಿಂಗ್

ರಾಮಗಿರಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಮಾರುತೇಶ್ ಸಾವಿರದ ಒಂಬೈನೂರ ತೊಂಬತ್ತೆಂಟರ ಮದುವೆಗಳ ಕಾಲದಲ್ಲಿ ಶನಿವಾರ ಬಂತೆಂದರೆ ಹೊಳಲ್ಕೆರೆಗೆ ಹೊರಡತೊಡಗಿದ. ಕೇಳಿದರೆ ಟ್ರೈನಿಂಗ್ ಎನ್ನುತ್ತಿದ್ದ. ಒಗೆಯಲು ಹಾಕಿದ ಅಂಗಿ ಮಾತ್ರ ಮಲ್ಲಿಗೆಯಂತೆ ಘಮ್ಮೆನ್ನುತ್ತಿತ್ತು. ಹೆಂಡತಿ ಯಶೋಧಾಗೆ ಅನ್ನ ಸೇರದಾಯಿತು.

ಒಂದು ಶನಿವಾರ ಆಕೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಳು. ಹೊಳಲ್ಕೆರೆಯಲ್ಲಿ ಇಳಿದ ಗಂಡ ಕಲ್ಯಾಣ ಮಂಟಪ ಹೊಕ್ಕ. ಆಕೆ ಒಳನುಗ್ಗಿದಾಗ ಅವನು ಏಣಿಯ ಮೇಲೆ ನಿಂತು ಹಸೆಮಣೆಯ ಮೇಲ್ಗಡೆ ಹೂವಿನ ಸರ ಕಟ್ಟುತ್ತಿದ್ದ.

“ಏನ್ರೀ ಇದು?”

“ಮಂಟಪ ಸಿಂಗರ್ಸೋ ಕೆಲ್ಸ ಹಿಡ್ದೀನಿ ಕಣೇ. ಮೇಷ್ಟ್ರು ಹೂ ಕಟ್ತಾರೆ ಅಂತ ಜನ ನಗ್ತಾರಲ್ಲ, ಅದ್ಕೇ ಹೇಳ್ಲಿಲ್ಲ.”

“ಜನ ನಗ್ತಾರೆ ಅಂತ ನನ್ನ ಅಳಿಸಿದ್ರಾ?”

ಅಲ್ಲಿಂದ ಆಕೆಯೂ ಪ್ರತಿ ಮದುವೆಗೆ ಜತೆಗೆ ಹೊರಟಳು. ಅನುಮಾನ ಪೂರ್ತಿ ಹೋಗಿರಲಿಲ್ಲ. ಮದುಮಗಳ ಕಡೆಯ ಹೆಂಗಸರೊಂದಿಗೆ ಮಾತಾಡುವ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಳು.