ವಾರವನ್ನು ಹದಿನೈದು ದಿನ ಮಾಡಿಸಿದ ಚೌಕಾಶಿ

ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ಕೆಳಗೆ ನೀರಿನ ತೊಟ್ಟಿ ಇಡುತ್ತಾರೆ. ಗಾಳಿ ಒಣಗಿದರೆ ಎಳೆ ಪಟಪಟನೆ ಕಡಿಯುತ್ತದೆ, ತಂಪಿದ್ದರೆ ತಾಳುತ್ತದೆ. ಎರಡು ಮಗ್ಗದಿಂದ ಶುರು ಮಾಡಿ ಎಂಟಕ್ಕೆ ಏರಿದವನು ನಾನು, ನನ್ನ ಮನೆಯಲ್ಲಿ ತೊಟ್ಟಿಯೂ ಎಂಟು. ಅದರಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ ಎಂದು ಹೇಳಲು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಸರಕಾರಿ ನರ್ಸ್ ಬಂದಳು.

"ವಾರಕ್ಕೊಮ್ಮೆ ನೀರೆಲ್ಲಾ ಚೆಲ್ಲಿ, ತಿಕ್ಕಿ, ಒಣಗಸ್ರಿ."

"ವಾರಕ್ಕೊಮ್ಮೆ ಆಗಂಗಿಲ್ಲ ಬಿಡವಾ. ತಿಂಗಳಿಗೊಮ್ಮೆ."

"ಇದೇನು ಕಾಯಿಪಲ್ಯಾ ಸಂತಿ ಏನ್ರೀ?"

"ಆತು, ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಹದಿನೈದು ದಿನ."

ಅವಳು ಬೇಸತ್ತು ಹೋದಳು. ನಾನು ಗೆದ್ದೆನೆಂದು ಬೀಗಿದೆ. ಮರಿ ವಾರ ಹತ್ತು ದಿನದೊಳಗೆ ರೆಕ್ಕೆ ಬಿಚ್ಚುತ್ತದೆ, ಆ ಒಪ್ಪಂದಕ್ಕೆ ಸೊಳ್ಳೆ ತಲೆಯಾಡಿಸಿರಲಿಲ್ಲ ಎಂಬುದು ನನ್ನಂಥ ಜಾಣನಿಗೆ ಹೊಳೆಯಲಿಲ್ಲ.

ಧೈರ್ಯಕ್ಕೆ ಇನ್ನೊಂದು ಕಾರಣವಿತ್ತು. ಹಿಂದಿನ ವರ್ಷ ನನ್ನ ಹೆಂಡತಿಗೆ ಡೆಂಗಿ ಬಂದು ಹೋಗಿತ್ತು. ಸಿಡುಬಿನಂತೆ ಇದೂ ಒಮ್ಮೆ ಬಂದರೆ ಮುಗಿಯಿತು ಎಂದು ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಿದ್ದರು. ಎಲೆಯಡಿಕೆ ಉಗುಳುವುದಷ್ಟೇ ಬಲ್ಲ ಆ ಪಂಡಿತರ ಮಾತಿಗೆ ಬಣ್ಣ ಹಚ್ಚಿ ಊರಿಗೆಲ್ಲ ಹಂಚಿದವನು ನಾನೇ.

ಮಳೆಗಾಲದಲ್ಲಿ ಆಕೆಗೆ ಮತ್ತೆ ಜ್ವರ. "ಅದು ಆಗಲೇ ಬಂದು ಹೋಗೇತಿ, ಇದು ಬರೇ ಥಂಡಿ" ಎಂದು ಕಷಾಯ ಕುಡಿಸಿದೆ. ನಾಲ್ಕನೆಯ ದಿನ ಮೈ ತಣ್ಣಗಾಯಿತು. "ನಾ ಹೇಳಿರಲಿಲ್ಲೇನು?" ಎಂದೆ. ಆಕೆ ಬಾಯಿ ಮುಕ್ಕಳಿಸಿ ಉಗುಳಿದಳು. ನೀರು ಕೆಂಪಗಿತ್ತು.

ಜಮಖಂಡಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ನನ್ನ ಸಿಡುಬಿನ ಸಿದ್ಧಾಂತ ಕೇಳಿ ಹಣೆ ಹಿಡಿದುಕೊಂಡರು.

"ಡೆಂಗಿ ವೈರಸ್ಸಿನಾಗ ನಾಕು ಜಾತಿ ಅದಾವ್ರಿ. ಹೋದ ವರ್ಷದ್ದು ಒಂದು, ಇದು ಇನ್ನೊಂದು. ಹಳೇದಕ್ಕಂತ ಹುಟ್ಟಿದ ಕಾವಲುಗಾರರು ಮೈಯಾಗ ಇನ್ನೂ ಅದಾರ. ಅವರು ಈ ಹೊಸಬನ್ನ ನೋಡಿ, ಇವ ಆ ಹಳೆಯವನೇ ಅಂತ ಅಂಗಿ ಹಿಡಿತಾರ. ಆದ್ರ ಕೊಲ್ಲುವಷ್ಟು ಹಿಡಿತ ಇರಂಗಿಲ್ಲ. ಅವನ್ನ ನುಂಗಬೇಕಾದ ರಕ್ತಕಣದೊಳಗ ತಾವ ಒಯ್ದು ಬಿಡ್ತಾರ. ಅವ ಅಲ್ಲೇ ಕುಂತು ಸಂತಾನ ಬೆಳಸ್ತಾನ."

"ಈಗ ಜ್ವರಾ ಇಳದೈತೆಲ್ರೀ?"

"ಇಳದ ಮ್ಯಾಲಿನ ಎರಡು ದಿನಾನ ಗಂಡಾಂತರ. ಉಳಿತಾರೋ ಇಲ್ಲೋ, ಅದರಾಗ ಗೊತ್ತಾಗತೈತಿ."

ಎಂಥ ನಾಚಿಕೆಗೇಡಿ ವೈರಸ್ಸು! ಸ್ವಂತದ ಮನೆಯಿಲ್ಲ, ದುಡಿಮೆಯಿಲ್ಲ. ಕಂಡವರ ಮನೆ ಹೊಕ್ಕು ಅವರದೇ ಸಾಮಾನಿನಲ್ಲಿ ಸಂಸಾರ ಹೂಡುತ್ತದೆ. ನಮ್ಮ ಕಾವಲುಗಾರರೋ, ಗಂಟು ಬಿಚ್ಚಿ ನೋಡದೆ, ಹಳೆಯ ಗುರುತಿನ ಮೇಲೆ ಮಾಲು ಒಳಗಿಳಿಸುವ ಗುಮಾಸ್ತರು. ಅಂಥವರನ್ನು ನನ್ನ ಮಗ್ಗದ ಮನೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಓದುವವರು ಇಷ್ಟು ನೆನಪಿಡಿ: ಡೆಂಗಿ ಒಮ್ಮೆ ಬಂದವರಿಗೆ ಎರಡನೆಯ ಸಲ ಹೆಚ್ಚು ಅಪಾಯ. ಜ್ವರ ಇಳಿಯಿತೆಂದು ನನ್ನಂತೆ ಹಿಗ್ಗಬೇಡಿ.

ಎರಡು ದಿನ ಸಲೈನಿನ ಹನಿ ನೋಡುತ್ತ ಕೂತೆ. ಎಷ್ಟಕ್ಕೆ ಬಿಡುತ್ತೀ ಎಂದು ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಮೂರನೆಯ ದಿನ ಡಾಕ್ಟರು ಆಕೆಯ ನಾಡಿ ಹಿಡಿದು ನಕ್ಕರು. "ಗೆದ್ರಿ ಬಿಡ್ರಿ. ಆದ್ರ ಇನ್ನೂ ಎರಡು ಜಾತಿ ಉಳದಾವ, ಹುಷಾರು."

ಆಕೆ ಎದ್ದು ಕೂತು ಗಂಜಿ ಕುಡಿದಳು. ಅರ್ಧ ಕುಡಿದು ನನ್ನತ್ತ ತಿರುಗಿದಳು.

"ಇನ್ನೊಮ್ಮೆ ಮೈ ಬೆಚ್ಚಗಾದ್ರ ನಿಮ್ಮನ್ನ ಕೇಳಂಗಿಲ್ಲ. ನಾನ ಬಸ್ ಹತ್ತಿ ಇಲ್ಲಿಗೆ ಬರ್ತೇನಿ."

ಚೌಕಾಶಿಗೆ ಬಾಯಿ ತೆರೆದೆ. ಬಟ್ಟಲು ನನ್ನ ಕೈಗಿಟ್ಟು, "ಇನ್ನಷ್ಟು ಗಂಜಿ ತಗೊಂಡ ಬರ್ರಿ" ಎಂದಳು. ಹೋಗಿ ತಂದೆ.