ಜೀನ್ಸ್ ಕಾಲಿನ ದೀಪ

ನನ್ನ ಷಡ್ಡಕ ಮಡಕಶಿರದಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಅವನ ಕೈ ಬಲು ಚುರುಕು ಎಂದು ಹೆಂಡತಿ ಹೇಳಿದಾಗಲೆಲ್ಲ ನಾನು ಊಟ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ನಾನೇನು ಕೈ ಕಟ್ಟಿ ಕೂತವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಮಿಷನ್ ತುಳಿಯಲು ಕೂತವನು. ನನ್ನ ಹೊಲಿಗೆ ಬಿಚ್ಚಿತೆಂದು ಇವತ್ತಿನವರೆಗೆ ಒಂದು ಪ್ಯಾಂಟೂ ವಾಪಸ್ ಬಂದಿಲ್ಲ.

ಹೋದ ವರ್ಷ ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ಟಿವಿ ಪಕ್ಕದಲ್ಲೊಂದು ದೀಪ. ಬುಡಕ್ಕೆ ಸವೆದ ಚೈನಿನ ಹಲ್ಲುಚಕ್ರ, ಮೇಲಕ್ಕೆ ಹ್ಯಾಂಡಲ್ ಪೈಪು, ತುದಿಯ ಬಲ್ಬಿಗೆ ಜೀನ್ಸಿನ ಒಂದು ಕಾಲನ್ನು ಕತ್ತರಿಸಿ ತೊಡಿಸಿದ್ದ. ಬಟ್ಟೆ ಹರಿದು ಬಿಳಿ ಎಳೆಗಳಷ್ಟೇ ಉಳಿದ ಸಣ್ಣ ಕಿಟಕಿಗಳು ಅಲ್ಲಲ್ಲಿ. ಅವುಗಳಿಂದ ಬೆಳಕು ಗೋಡೆಯ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಆ ಪ್ಯಾಂಟು, ಗ್ರೀಸ್ ಒರೆಸಿಕೊಳ್ಳಲಿ ಎಂದು ನಾನೇ ಕೊಟ್ಟಿದ್ದು.

"ನೋಡ್ರಿ ಇಲ್ಲಿ! ದಿನಾ ಜೀನ್ಸಿನಾಗ ಬಿದ್ದಿರೋರು ನೀವು. ನಿಮಗ್ಯಾಕ ಹೊಳೀಲಿಲ್ಲ?" ಎಂದಳು ಹೆಂಡತಿ, ಅವನ ಎದುರಿಗೇ.

"ಅಣ್ಣ ಹೊಲಿಯೋರು ಕಣಕ್ಕ, ನಾನು ಹರಿಯೋನು," ಎಂದು ಷಡ್ಡಕ ನಕ್ಕ.

ವಾಪಸ್ ಬರುವಾಗ ಬಸ್ಸಿನಲ್ಲೇ, ನಾನೂ ಒಂದು ದೀಪ ಮಾಡುವುದೆಂದು ಲೆಕ್ಕ ಹಾಕಿದೆ. ಅವಳ ಬಾಯಲ್ಲಿ ಆ ಹೊಗಳಿಕೆ ನನಗೆ ಬರಬೇಕು, ಅಷ್ಟೇ.

ನಾಲ್ಕು ಭಾನುವಾರ ಹಿಡಿಯಿತು. ದಾರ ಸುತ್ತಿ ಬರುವ ಖಾಲಿ ಕೋನುಗಳನ್ನು ಒಂದರ ಮೇಲೊಂದು ಕೂರಿಸಿ ಕಂಬ ಮಾಡಿದೆ. ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ತುಂಡುಗಳನ್ನು ಆರಿಸಿ, ಕಿತ್ತಳೆ ದಾರದಲ್ಲಿ ಜೋಡಿ ಹೊಲಿಗೆ ಹಾಕಿ ಮೇಲ್ಹೊದಿಕೆ ಹೊಲಿದೆ. ಒಂದು ಎಳೆಯೂ ಹೊರಗೆ ಕಾಣುವಂತಿರಲಿಲ್ಲ. ಹೆಂಡತಿಯನ್ನು ಕರೆದು, ಕಿಟಕಿ ಮುಚ್ಚಿ, ಸ್ವಿಚ್ ಒತ್ತಿದೆ. ಸೂರು ಬೆಳಗಿತು, ನೆಲ ಬೆಳಗಿತು. ಬೆಳಕು ಆ ದಪ್ಪ ಬಟ್ಟೆ ದಾಟಲಿಲ್ಲ; ನಡುವೆ ಕತ್ತಲೆ.

"ಗಟ್ಟಿ ಐತ್ರಿ," ಎಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು, "ಇದನ್ನೂ ಯಾರಾರ ತೊಟ್ಕಂತಾರ ಅನ್ಕಂಡ್ರೇನು?"

ದೀಪವನ್ನು ಅಟ್ಟಕ್ಕೆ ಎಸೆದೆ.

ಮುಂದಿನ ತಿಂಗಳು ಷಡ್ಡಕ ನಮ್ಮ ಮನೆಗೆ ಬಂದ. ಬೇಡವೆಂದರೂ ಹೆಂಡತಿ ಅದನ್ನು ಇಳಿಸಿದಳು. ಅವನು ಹೊಲಿಗೆಯ ಮೇಲೆ ಉಗುರು ಎಳೆದು ನೋಡಿ, "ಇಂಥಾದ್ದು ನನ್ ಕೈಲಾಗಲ್ಲ ಬಿಡಣ್ಣ. ಒಂದ್ ಬ್ಲೇಡ್ ಕೊಡಿ," ಎಂದ. ನಾನು ಏಳಲಿಲ್ಲ. ಅವಳೇ ಎದ್ದು ಕೊಟ್ಟಳು.

ಅಂಗುಲದ ಅಂತರದಲ್ಲಿ ಎರಡು ಕಡೆ ಅಡ್ಡಕ್ಕೆ ಕೊಯ್ದು, ನಡುವಿನ ನೀಲಿ ಎಳೆಗಳನ್ನು ಒಂದೊಂದಾಗಿ ಕಿತ್ತ. ಅಡ್ಡ ಹಾಯ್ದ ಬಿಳಿ ಎಳೆಗಳಷ್ಟೇ ಉಳಿದವು. ಫ್ಯಾಷನ್ ಪ್ಯಾಂಟಿಗೆ ನಮ್ಮ ಯೂನಿಟ್ಟಿನಲ್ಲಿ ದಿನವೂ ನಡೆಯುವ ಕೆಲಸ ಇದೇ. ಒಳ್ಳೆಯ ಬಟ್ಟೆ ಹರಿಯುವುದೂ ಒಂದು ಕೆಲಸವೇನು ಎಂದು ನಾನು ಅದನ್ನು ಮಾಡುವವರ ಸಾಲಿನ ಕಡೆ ತಿರುಗಿಯೂ ನೋಡಿದವನಲ್ಲ.

ಮೂರನೇ ಕಿಟಕಿಗೆ ಅವನ ಬ್ಲೇಡು ಹೊಲಿಗೆಯ ಹತ್ತಿರ ಬಂತು. "ತಡಿ, ಹೊಲಿಗಿ ಕೊಯ್ದೀಯ! ಕೊಡಿಲ್ಲಿ," ಎಂದು ಕಿತ್ತುಕೊಂಡು ಉಳಿದದ್ದನ್ನು ನಾನೇ ಕೊಯ್ದೆ.

ಈಗ ದೀಪ ಪಡಸಾಲೆಯಲ್ಲಿದೆ. ಯಾರು ಮಾಡಿದ್ದೆಂದು ಬಂದವರು ಕೇಳುತ್ತಾರೆ. "ಇಬ್ರೂ ಸೇರಿ ಮಾಡ್ಯಾರ್ರಿ," ಎನ್ನುತ್ತಾಳೆ ಹೆಂಡತಿ. ಸುಳ್ಳೇನಲ್ಲ. ಆದರೂ ಅವಳ ಮಾತು ಮುಗಿಯುವ ಮೊದಲೇ ನಾನು ಹೇಳಿಬಿಡುತ್ತೇನೆ: "ಹೊಲಿಗಿ ನಂದ್ರಿ."